ದವಡೆ ಗೆಡ್ಡೆಗೆ ನಾಲ್ಕು ಮಾರ್ಕರ್: ನನ್ನ ಫ್ರಿಜ್‌ನಲ್ಲಿ ಉಳಿದದ್ದು ಕ್ಯಾಲ್‌ರೆಟಿನಿನ್

ದವಡೆಯಿಂದ ಬಂದ ಚೂರಿನಲ್ಲಿ ಒಂದು ಪ್ರೋಟೀನು ಇದೆಯೋ ಇಲ್ಲವೋ ಅಂತ ಆಂಟಿಬಾಡಿ ಹಚ್ಚಿ ನೋಡುವುದನ್ನೇ ನಾವು ಮಾರ್ಕರ್ ಅನ್ನುವುದು. ಪ್ರೋಟೀನು ಇದ್ದಲ್ಲಿ ಕಂದು, ಇಲ್ಲದಲ್ಲಿ ನೀಲಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕ್ಯಾಲ್‌ರೆಟಿನಿನ್‌ಗೆ. ಆದರೆ ಮೊದಲು ದುಡ್ಡು ಸುರಿದದ್ದು ಅದಕ್ಕಲ್ಲ, ಕೆಐ-67ಕ್ಕೆ. ಎಲ್ಲರೂ ಅದನ್ನೇ ಮಾಡುತ್ತಾರಲ್ಲ ಅಂತ ನಾನೂ ತರಿಸಿದೆ. ಆ ಕಥೆಗೆ ಆಮೇಲೆ ಬರುತ್ತೇನೆ.

ನನ್ನ ಮೇಜಿಗೆ ಬರುವ ತಲೆನೋವು ಹೆಚ್ಚೂಕಡಿಮೆ ಒಂದೇ ಥರದ್ದು. ಕೆಳದವಡೆಯ ಹಿಂಭಾಗ, ಹೊರಗೆ ಬಾರದೆ ಒಳಗೇ ಕೂತ ಬುದ್ಧಿಹಲ್ಲು, ಎಕ್ಸ್‌ರೇಯಲ್ಲಿ ಅದರ ಸುತ್ತ ಒಂದು ಕಪ್ಪು ಗುಳ್ಳೆ. ಸರ್ಜನ್ ಅದರ ಗೋಡೆಯಿಂದ ಕಡಲೆಕಾಳಿನಷ್ಟು ಚೂರು ಕಳಿಸಿರುತ್ತಾರೆ. ಹೊರಬಾರದ ಹಲ್ಲಿನ ಸುತ್ತ ಕಟ್ಟುವ ಸಾಧಾರಣ ಗುಳ್ಳೆ, ಅಂದರೆ ಡೆಂಟಿಜೆರಸ್ ಸಿಸ್ಟ್ ಇರಬಹುದು, ಒಳಪದರದಲ್ಲಿ ಕೆರಟಿನ್ ಕಟ್ಟುವ ಕೆರಟೋಸಿಸ್ಟ್ ಇರಬಹುದು, ಗುಳ್ಳೆಯ ವೇಷದ ಗೆಡ್ಡೆ ಯುನಿಸಿಸ್ಟಿಕ್ ಅಮೆಲೋಬ್ಲಾಸ್ಟೋಮಾನೂ ಇರಬಹುದು. ಚೂರು ಚೆನ್ನಾಗಿದ್ದರೆ ಗುಲಾಬಿ-ನೀಲಿ ಬಣ್ಣ ಹಾಕಿದ ಮಾಮೂಲಿ ಎಚ್ ಅಂಡ್ ಇ ಸ್ಲೈಡೇ ಸಾಕು, ಯಾವ ಮಾರ್ಕರೂ ಬೇಡ. ಉರಿಯೂತ ಆಗಿದ್ದರೆ ಮಾತ್ರ ಕಷ್ಟ. ಬೇಲಿಗೂಟದ ಹಾಗೆ ಸಾಲಾಗಿ ನಿಂತಿರಬೇಕಾದ ತಳದ ಕೋಶಗಳೂ ಇಲ್ಲ, ಮೇಲಿನ ಅಲೆಅಲೆ ಕೆರಟಿನ್ನೂ ಇಲ್ಲ, ಎಲ್ಲ ಕಲಸುಮೇಲೋಗರ. ನನಗೆ ಮೂರೂ ಒಂದೇ ಥರ ಕಾಣುತ್ತವೆ, ರೋಗಿಗೆ ಹಾಗಲ್ಲ. ಡೆಂಟಿಜೆರಸ್ ಸಿಸ್ಟನ್ನು ಹಲ್ಲಿನ ಜೊತೆ ತೆಗೆದು ಮನೆಗೆ ಕಳಿಸಬಹುದು. ಅಮೆಲೋಬ್ಲಾಸ್ಟೋಮಾ ಗೋಡೆಯೊಳಕ್ಕೆ ಇಳಿದಿದ್ದರೆ ದವಡೆಯ ತುಂಡನ್ನೇ ಕೇಳಬಹುದು.

ಅಂಥ ಸ್ಲೈಡಿನಲ್ಲಿ ಕ್ಯಾಲ್‌ರೆಟಿನಿನ್ ಕೆಲಸ ಮಾಡುತ್ತದೆ. ಇದು ಕ್ಯಾಲ್ಸಿಯಂ ಹಿಡಿದುಕೊಳ್ಳುವ ಪ್ರೋಟೀನು, ತೂಕ ಸುಮಾರು 29 ಕಿಲೋಡಾಲ್ಟನ್. ಹೆಚ್ಚಾಗಿ ನರಕೋಶಗಳಲ್ಲಿ ಸಿಗುತ್ತದೆ. ಶ್ವಾಸಕೋಶದ ಹೊದಿಕೆಯಲ್ಲಿ ಬರುವ ಮೆಸೋಥೀಲಿಯೋಮಾ ಕ್ಯಾನ್ಸರ್ ಹುಡುಕುವವರಿಗೆ ಇದು ಹಳೇ ಗೆಳೆಯ. ಅಮೆಲೋಬ್ಲಾಸ್ಟೋಮಾದಲ್ಲಿ ಅಂಚಿನ ಎತ್ತರದ ಕೋಶಗಳು ಸಾಮಾನ್ಯವಾಗಿ ನೀಲಿಯಾಗೇ ಉಳಿಯುತ್ತವೆ, ಅವುಗಳ ಒಳಗಡೆ ನಕ್ಷತ್ರದ ಹಾಗೆ ಕೈಚಾಚಿಕೊಂಡ ಸಡಿಲ ಕೋಶಗಳು ಮಾತ್ರ ಕಾಫಿ ಚೆಲ್ಲಿದ ಹಾಗೆ ಕಂದಾಗುತ್ತವೆ. 10ರ ಲೆನ್ಸಿನಲ್ಲೇ ಕಾಣುತ್ತದೆ, ಎಣಿಸುವುದೇನೂ ಇಲ್ಲ. ಡೆಂಟಿಜೆರಸ್ ಸಿಸ್ಟ್‌ನಲ್ಲಿ ನನಗೆ ಇದುವರೆಗೆ ಖಾಲಿ. ಕೆರಟೋಸಿಸ್ಟ್‌ನಲ್ಲಿ ಬಹುಪಾಲು ಖಾಲಿ, ಅಪರೂಪಕ್ಕೆ ಒಂದೆರಡು ತೇಪೆ. ಹಾಗಾಗಿ ಕಂದು ಕಂಡ ಕೂಡಲೇ ಕುಣಿಯಬಾರದು, ಎಲ್ಲಿ ಕಂದು ಅಂತ ನೋಡಬೇಕು.

ಈಗ ಕೆಐ-67. ಜರ್ಮನಿಯ ಕೀಲ್ ಊರಿನಲ್ಲಿ 1983ರಲ್ಲಿ ಸಿಕ್ಕಿದ್ದು, ಆಂಟಿಬಾಡಿ ಮಾಡುವ ಕೋಶಗಳನ್ನು ಬೆಳೆಸಿದ ತಟ್ಟೆಯ 67ನೇ ಗುಳಿಯ ಕ್ಲೋನು, ಅದಕ್ಕೇ ಆ ಹೆಸರು. ವಿಭಜನೆಯ ಹಾದಿಯಲ್ಲಿರುವ ಕೋಶದ ನ್ಯೂಕ್ಲಿಯಸ್ಸಿಗೆ ಬಣ್ಣ ಬರುತ್ತದೆ. ಕೇಳುವುದಕ್ಕೆ ಚೆನ್ನಾಗಿದೆ, ಆದರೆ ಉರಿಯೂತ ಆದ ಸಾಧಾರಣ ಸಿಸ್ಟಿನ ಪದರವೂ ಜೋರಾಗಿ ವಿಭಜನೆ ಆಗುತ್ತದಲ್ವಾ? ನನಗೆ ಸಹಾಯ ಬೇಕಾದ ಕಡೆಯೇ ಅದು ಗೊಂದಲ ಮಾಡುತ್ತದೆ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಆಸಿಡ್‌ನಿಂದ. ದವಡೆಯ ಸ್ಯಾಂಪಲ್ ಅಂದರೆ ಮೂಳೆ ಇದ್ದೇ ಇರುತ್ತದೆ, ಮೂಳೆ ಇದ್ದರೆ ಕತ್ತರಿಸುವ ಮೊದಲು ಕ್ಯಾಲ್ಸಿಯಂ ಕರಗಿಸಬೇಕು. ರಿಪೋರ್ಟಿಗೆ ಅವಸರ ಇತ್ತು ಅಂತ ಒಂದು ಸ್ಯಾಂಪಲನ್ನು ಹಾಗೇ ಇಡಿಯಾಗಿ ನೈಟ್ರಿಕ್ ಆಸಿಡ್‌ಗೆ ಹಾಕಿಸಿದೆ. ನಡುವೆ ರಜೆ ಬಂತು, ಅದು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನೆನೆಯಿತು. ಕೆಐ-67 ಸ್ಲೈಡು ಬಂದಾಗ ಕನ್ನಡಿಯಷ್ಟು ಸ್ವಚ್ಛ. ಒಂದು ಕಂದು ಚುಕ್ಕೆ ಇಲ್ಲ. ಸ್ಟೇನ್ ಸರಿಯಾಗಿದೆಯೇ ಅಂತ ನೋಡಲು ಪಕ್ಕದಲ್ಲಿಟ್ಟ ಟಾನ್ಸಿಲ್ ಚೂರು, ಅಂದರೆ ಕಂಟ್ರೋಲ್ ಮಾತ್ರ ಮಿರಿಮಿರಿ. ಸರಿ, ಸ್ಟೇನ್ ಕೆಲಸ ಮಾಡಿದೆ, ಗೆಡ್ಡೆಯೇ ನಿಧಾನದ್ದು ಅಂತ ರಿಪೋರ್ಟ್ ಟೈಪ್ ಮಾಡುವುದಕ್ಕೆ ಶುರು ಮಾಡಿದ್ದೆ.

ಆಮೇಲೆ ಸುಮ್ನೆ ಸ್ಲೈಡ್ ಸರಿಸುತ್ತಾ ಹೋದರೆ ಮೂಲೆಯಲ್ಲಿ ಒಸಡಿನ ಒಂದು ಚೂರು ಸಿಕ್ಕಿತು. ಒಸಡಿನ ತಳದ ಸಾಲಿನಲ್ಲಿ ಯಾವಾಗಲೂ ಒಂದಷ್ಟು ಕೋಶಗಳು ವಿಭಜನೆ ಆಗುತ್ತಲೇ ಇರುತ್ತವೆ. ಅಲ್ಲೂ ಸೊನ್ನೆ. ಮೈ ಜುಂ ಅಂತು. ಕಂಟ್ರೋಲ್ ಟಾನ್ಸಿಲ್ ಆಸಿಡ್ ಮುಖ ನೋಡಿದ್ದೇ ಇಲ್ಲವಲ್ಲ! ಆಂಟಿಬಾಡಿ ಚೆನ್ನಾಗಿದೆ ಅಂತ ಅದು ಹೇಳಬಹುದು, ಮೇಣದಲ್ಲಿ ಕೂರಿಸಿದ ನನ್ನ ಬ್ಲಾಕಿನಲ್ಲಿ ಪ್ರೋಟೀನು ಉಳಿದಿದೆಯೋ ಇಲ್ಲವೋ ಅಂತ ಹೇಳುವುದಕ್ಕೆ ಅದಕ್ಕೇನು ಗೊತ್ತು? ಪುಣ್ಯಕ್ಕೆ ಫಾರ್ಮಾಲಿನ್ ಡಬ್ಬದ ತಳದಲ್ಲಿ ಆಸಿಡ್ ಕಾಣದ ಒಂದು ಮೆತ್ತನೆ ಚೂರು ಉಳಿದಿತ್ತು. ಅದರಲ್ಲಿ ಮಾಡಿದರೆ ಕಂದು ನ್ಯೂಕ್ಲಿಯಸ್‌ಗಳು ಸಾಲುಸಾಲು.

ಅದೇ ಆಸಿಡ್ ಬ್ಲಾಕಿನಲ್ಲಿ ಕ್ಯಾಲ್‌ರೆಟಿನಿನ್ ಮಂಕಾಗಿಯಾದರೂ ಬಂದಿತ್ತು. ಗೋಡೆಯೊಳಗಿನ ಒಂದು ಸಣ್ಣ ನರದ ಎಳೆಯೂ ತಿಳಿಯಾಗಿ ಕಂದಾಗಿತ್ತು, ಅದೇ ನನಗೆ ಒಳಗಿನ ಸಾಕ್ಷಿ. ಪಕ್ಷಪಾತ ಶುರುವಾದದ್ದು ಆವತ್ತಿನಿಂದ. ಒಂದೇ ಬ್ಲಾಕು ನೋಡಿ ನಿಯಮ ಮಾಡಬಾರದು, ಗೊತ್ತು, ಆದರೂ. ಈಗ ಮೆತ್ತನೆ ಭಾಗವನ್ನು ಮೊದಲೇ ಬಿಡಿಸಿ ಬೇರೆ ಬ್ಲಾಕ್ ಮಾಡಿಸುತ್ತೇನೆ, ಗಟ್ಟಿ ಭಾಗ ಮಾತ್ರ ಕ್ಯಾಲ್ಸಿಯಂ ಮೆಲ್ಲಗೆ ತೆಗೆಯುವ ಇಡಿಟಿಎಗೆ. ಇಡಿಟಿಎ ವಾರಗಟ್ಟಲೆ ತೆಗೆದುಕೊಳ್ಳುತ್ತದೆ, ಸರ್ಜನ್ ಫೋನು ಬರುತ್ತಲೇ ಇರುತ್ತದೆ, ಏನು ಮಾಡುವುದು.

ಕೆಐ-67 ಕೆಲಸಕ್ಕೆ ಬಾರದ್ದು ಅಂತಲ್ಲ. ಈ ಗೆಡ್ಡೆಯ ಕ್ಯಾನ್ಸರ್ ರೂಪವಾದ ಅಮೆಲೋಬ್ಲಾಸ್ಟಿಕ್ ಕಾರ್ಸಿನೋಮಾ ಇರಬಹುದೇ ಅನ್ನುವ ಅನುಮಾನ ಬಂದಾಗ ಅದು ಬೇಕು.

ಸಿಕೆ19 (ಒಂದು ಕೆರಟಿನ್ ಪ್ರೋಟೀನಿನ ಮಾರ್ಕರ್): ಹಲ್ಲು ಹುಟ್ಟಿಸುವ ಎಪಿಥೀಲಿಯಂ ಎಂಬ ಕೋಶಪದರದಿಂದ ಬಂದದ್ದು ಬಹುತೇಕ ಎಲ್ಲಕ್ಕೂ ಹೌದು ಅನ್ನುತ್ತದೆ. ನನ್ನ ಪ್ರಶ್ನೆ ಅದಲ್ಲ.

ವಿಇ1 ಬಗ್ಗೆ ನನಗೆ ಗೌರವ ಇದೆ. ಬಿರಾಫ್ ವಿ600ಇ ಅನ್ನುವ ಬದಲಾದ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿ ಇದು. ಅಮೆಲೋಬ್ಲಾಸ್ಟೋಮಾದಲ್ಲಿ ಈ ಬದಲಾವಣೆ ಇದೆ ಅಂತ 2014ರಲ್ಲಿ ಗೊತ್ತಾಯಿತು. ಕೆಳದವಡೆಯ ಗೆಡ್ಡೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಸಿಟಿವ್, ಮೇಲ್ದವಡೆಯಲ್ಲಿ ಕಡಿಮೆ, ಅಲ್ಲಿ ಎಸ್‌ಎಂಒ ಎಂಬ ಬೇರೆ ಜೀನಿನ ಕಾಟ ಹೆಚ್ಚು. ಪಾಸಿಟಿವ್ ಬಂದರೆ ಮೂರರಲ್ಲಿ ಯಾವುದು ಅನ್ನುವ ಜಗಳ ಬಹುತೇಕ ಮುಗಿದ ಹಾಗೆ, ಮೇಲಾಗಿ ಆ ಪ್ರೋಟೀನನ್ನೇ ತಡೆಯುವ ಡಬ್ರಾಫೆನಿಬ್‌ನಂಥ ಔಷಧಿಯ ಬಾಗಿಲೂ ತೆರೆಯುತ್ತದೆ. ನೆಗೆಟಿವ್ ಬಂದರೆ ಇದ್ದಲ್ಲೇ ಇರುತ್ತೀರಿ. ನನ್ನಂಥ ಸಣ್ಣ ಲ್ಯಾಬಿಗೆ ಸ್ವಂತ ಬಾಟಲಿ ಭಾರ, ಬೇಕಾದಾಗ ಸ್ಲೈಡನ್ನು ದೊಡ್ಡ ಲ್ಯಾಬಿಗೆ ಕಳಿಸುತ್ತೇನೆ. ತಿಂಗಳಿಗೆ ಮೂವತ್ತು ಇಂಥ ಕೇಸು ನೋಡುವವರು ನನ್ನ ಮಾತು ಕೇಳಬೇಡಿ, ವಿಇ1 ಇಟ್ಟುಕೊಳ್ಳಿ.

ನನಗೆ ಬರುವುದು ಎರಡೋ ಮೂರೋ. ಹಾಗಾಗಿ ಕ್ಯಾಲ್‌ರೆಟಿನಿನ್‌ಗೆ ಹದ ಮಾಡಿಟ್ಟ 7 ಮಿಲಿ ಬಾಟಲಿಯ ಬದಲು ಕಾನ್ಸಂಟ್ರೇಟ್‌ನ ಸಣ್ಣ ಸೀಸೆ ತರಿಸಿ, ಬೇಕಾದಷ್ಟೇ ತೆಳು ಮಾಡಿಕೊಳ್ಳುತ್ತೇನೆ. ಕೆಐ-67ರ ದೊಡ್ಡ ಬಾಟಲಿ ಇನ್ನೂ ಫ್ರಿಜ್ ಬಾಗಿಲಲ್ಲಿದೆ. ಅರ್ಧ ತುಂಬಿದೆ, ಎಕ್ಸ್‌ಪೈರಿ ಮುಂದಿನ ತಿಂಗಳು.