ಟ್ರಿನಿಟಿ ಕಾಲೇಜು, ಕೇಂಬ್ರಿಜ್: ಅಮೃತಶಿಲೆಗಿಂತ ಕಾಗದವೇ ಮೇಲು

ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿದ, ಕಲಿಸಿದ, ಆಳಿದ ದೊಡ್ಡವರನ್ನು ಒಂದೇ ಆವರಣದಲ್ಲಿ ನೋಡಬೇಕೆಂದರೆ ಟ್ರಿನಿಟಿ ಕಾಲೇಜಿನ ಚಾಪೆಲ್ (ಪ್ರಾರ್ಥನಾ ಮಂದಿರ) ಮತ್ತು ರೆನ್ ಲೈಬ್ರರಿಗೆ ಹೋಗಬೇಕು. ಬಹಳಷ್ಟು ಜನ ಅಲ್ಲಿವರೆಗೆ ಹೋಗುವುದೇ ಇಲ್ಲ. ಗ್ರೇಟ್ ಗೇಟ್ ಪಕ್ಕದ ಸೇಬಿನ ಮರದ ಮುಂದೆ ಫೋಟೊ, ಬಾಗಿಲ ಮೇಲೆ ಕಾಲೇಜಿನ ಸ್ಥಾಪಕ ದೊರೆ ಎಂಟನೇ ಹೆನ್ರಿ ರಾಜದಂಡದ ಬದಲು ಕುರ್ಚಿಯ ಕಾಲು ಹಿಡಿದು ನಿಂತದ್ದಕ್ಕೆ ಒಂದು ನಗು, ಅಲ್ಲಿಗೆ ಮುಗಿಯಿತು. ಅಂದಹಾಗೆ ಆ ಮರದಡಿ ನ್ಯೂಟನ್ ಕೂತಿರಲಿಲ್ಲ. ಅವನ ಹುಟ್ಟೂರು ವೂಲ್ಸ್‌ಥಾರ್ಪ್‌ನ ಮರದ ಕಸಿ ಅದು.

ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ವೇಗದ ರೈಲಿನಲ್ಲಿ ಸುಮಾರು 50 ನಿಮಿಷ. ರೈಲು ನಿಲ್ದಾಣ ಊರ ನಡುವಿನಿಂದ ದೂರವಿದೆ. ಕಾಲೇಜಿಗೆ ನಡೆದರೆ ಅರ್ಧ ತಾಸು ಬೇಕು. ಒಳಗೆ ಕಲ್ಲು ಹಾಸಿದ ದಾರಿಗಳೂ ಇವೆ, ಗಾಲಿ ಸೂಟ್‌ಕೇಸ್ ಎಳೆದುಕೊಂಡು ಹೋಗಬೇಡಿ. ಹುಲ್ಲಿನ ಮೇಲೆ ಕಾಲಿಡುವ ಹಕ್ಕು ಕಾಲೇಜಿನ ಫೆಲೊಗಳಿಗೆ (ವಿದ್ವಾಂಸ ಸದಸ್ಯರಿಗೆ) ಮಾತ್ರ. ಪರೀಕ್ಷೆಯ ವಾರಗಳಲ್ಲಿ, ಅಂದರೆ ವಸಂತದ ಕೊನೆಗೆ, ಹೊರಗಿನವರಿಗೆ ಬಾಗಿಲು ಮುಚ್ಚುವುದುಂಟು. ಲೈಬ್ರರಿಯಂತೂ ಪ್ರವಾಸಿಗರಿಗೆಂದು ತೆರೆದಿರುವುದು ಕೆಲವೇ ತಾಸು. ಹೆಚ್ಚಿನವರ ಪ್ರವಾಸ ಕೆಡುವುದು ಇಲ್ಲೇ: ಬೆಳಿಗ್ಗೆಯೆಲ್ಲ ನದಿಯಲ್ಲಿ ದೋಣಿ ಸುತ್ತಿ ಸಂಜೆ ಬಂದರೆ ಬೀಗ. ಹೊರಡುವ ಮುನ್ನ ಕಾಲೇಜಿನ ಜಾಲತಾಣದಲ್ಲಿ ಆ ದಿನದ ಸಮಯ ನೋಡಿಕೊಂಡು, ಮೊದಲು ಲೈಬ್ರರಿ, ಆಮೇಲೆ ಚಾಪೆಲ್ ಎಂದು ಇಟ್ಟುಕೊಳ್ಳಿ.

ಚಾಪೆಲ್‌ನ ಮೊಗಸಾಲೆಯಲ್ಲಿ ಆರು ಅಮೃತಶಿಲೆಯ ಮೂರ್ತಿಗಳಿವೆ: ನ್ಯೂಟನ್, ತತ್ವಜ್ಞಾನಿ ಬೇಕನ್, ಗಣಿತಜ್ಞ ಬ್ಯಾರೊ, ಮೆಕಾಲೆ, ಹ್ಯೂವೆಲ್, ಕವಿ ಟೆನಿಸನ್. ಇವುಗಳಲ್ಲಿ ನಿಂತು ನೋಡಬೇಕಾದದ್ದು 1755ರಲ್ಲಿ ರೂಬಿಯಾಕ್ ಕಡೆದ ನ್ಯೂಟನ್. ಕೈಯಲ್ಲಿ ಪ್ರಿಸಂ ಇದೆ, ದೃಷ್ಟಿ ಮಾತ್ರ ಅದರ ಮೇಲಿಲ್ಲ, ಎಲ್ಲೋ ಮೇಲಕ್ಕೆ ಹೋಗಿದೆ. ನಿಲುವಂಗಿಯ ಮಡಿಕೆಗಳನ್ನು ಪಕ್ಕದಿಂದ ನೋಡಿ, ಕಲ್ಲು ಎನ್ನುವುದೇ ಮರೆತುಹೋಗುತ್ತದೆ. ನ್ಯೂಟನ್‌ಗೆ ಮುಂಚೆ ಗಣಿತದ ಲ್ಯೂಕೇಸಿಯನ್ ಪ್ರೊಫೆಸರ್ ಆಗಿದ್ದವನು ಬ್ಯಾರೊ; 1669ರಲ್ಲಿ ಆ ಪೀಠ ನ್ಯೂಟನ್‌ಗೆ ಬಂತು, ಬ್ಯಾರೊ ಮುಂದೆ ಕಾಲೇಜಿನ ಮಾಸ್ಟರ್, ಅಂದರೆ ಮುಖ್ಯಸ್ಥ, ಆದ. ಬ್ಯಾರೊನ ಮೂರ್ತಿ ಬಂದದ್ದು ಮಾತ್ರ ಉತ್ತರಾಧಿಕಾರಿಯದಕ್ಕಿಂತ ನೂರು ವರ್ಷ ತಡವಾಗಿ, 1858ರಲ್ಲಿ. ಹ್ಯೂವೆಲ್ 1841ರಿಂದ 1866ರವರೆಗೆ ಮಾಸ್ಟರ್ ಆಗಿದ್ದವನು. 'ಸೈಂಟಿಸ್ಟ್' ಎಂಬ ಪದವನ್ನು ಟಂಕಿಸಿದವನು ಇವನೇ. ಟೆನಿಸನ್‌ನ ಮೂರ್ತಿಯ ಬಳಿ ಬಗ್ಗಿ ಹುಡುಕಿ: ಲಾರೆಲ್ ಎಲೆಗಳ ನಡುವೆ ಅವನ ಪೈಪ್ ಅಡಗಿದೆ. ನಮ್ಮಲ್ಲಿ ಬೈಗುಳವೇ ಆಗಿರುವ 'ಮೆಕಾಲೆ ಶಿಕ್ಷಣ'ದ ಆ ಮೆಕಾಲೆ ಇಲ್ಲಿ ನೆಮ್ಮದಿಯಾಗಿ ಕೂತಿದ್ದಾನೆ. ಭಾರತದ ಶಿಕ್ಷಣದ ಬಗ್ಗೆ 1835ರ ಟಿಪ್ಪಣಿ ಬರೆಯುವ ಮೊದಲು ಅವನು ಇದೇ ಕಾಲೇಜಿನ ಫೆಲೊ.

ಗೋಡೆಯ ಹಿತ್ತಾಳೆ ಫಲಕಗಳೇ ತಲೆನೋವು. ತತ್ವಜ್ಞಾನಿಗಳಾದ ರಸೆಲ್, ವಿಟ್‌ಗೆನ್‌ಸ್ಟೈನ್, ಗಣಿತಜ್ಞ ಹಾರ್ಡಿಯಂಥವರೆಲ್ಲ ಅಲ್ಲಿದ್ದಾರೆ, ಆದರೆ ಬರಹ ಬಹುಪಾಲು ಲ್ಯಾಟಿನ್ನಿನಲ್ಲಿ. ಹೆಸರು ಗುರುತಿಸಬಹುದು, ಅವರು ಏನು ಮಾಡಿದರೆಂದು ತಿಳಿಯುವುದಿಲ್ಲ. ಚಾಪೆಲ್‌ನ ಜಾಲತಾಣದಲ್ಲಿ ಇಂಗ್ಲಿಷ್ ಅನುವಾದಗಳಿವೆ, ಮೊದಲೇ ಫೋನಿಗೆ ಇಳಿಸಿಕೊಂಡು ಬನ್ನಿ. ಇಲ್ಲವಾದರೆ ಹತ್ತು ನಿಮಿಷದಲ್ಲಿ ಬೇಸರ ಬಂದು ಹೊರಬೀಳುತ್ತೀರಿ. ಆ ಆರು ಮೂರ್ತಿಗಳಲ್ಲಿ ಒಬ್ಬ ಹೆಣ್ಣೂ ಇಲ್ಲ. 1546ರ ಕಾಲೇಜು ಸ್ನಾತಕೋತ್ತರಕ್ಕೆ ಹೆಣ್ಣುಮಕ್ಕಳನ್ನು ಸೇರಿಸಿಕೊಂಡದ್ದು 1976ರಲ್ಲಿ, ಪದವಿ ತರಗತಿಗೆ 1978ರಲ್ಲಿ. ಮೊದಲ ಮಹಿಳಾ ಮಾಸ್ಟರ್ ಸ್ಯಾಲಿ ಡೇವಿಸ್ ಬಂದದ್ದು 2019ರಲ್ಲಿ. 1998ರಿಂದ 2004ರವರೆಗೆ ಅದೇ ಕುರ್ಚಿಯಲ್ಲಿ ಅಮರ್ತ್ಯ ಸೇನ್ ಇದ್ದರು. ನೆಹರು 1907ರಿಂದ 1910ರವರೆಗೆ ಇಲ್ಲೇ ವಿಜ್ಞಾನ ಓದಿದರು. ಇಂಥದ್ದನ್ನು ಒಂದು ಸಣ್ಣ ಕೈಪಿಡಿಯಲ್ಲಿ ಹಾಕಿ ಬಾಗಿಲಲ್ಲೇ ಕೊಟ್ಟರೆ ಎಷ್ಟೋ ಚೆನ್ನಾಗಿತ್ತು.

ನಿಜವಾದ ಬೆಲೆ ಇರುವುದು ಲೈಬ್ರರಿಯಲ್ಲಿ. ಕ್ರಿಸ್ಟೊಫರ್ ರೆನ್ ವಿನ್ಯಾಸದ ಈ ಕಟ್ಟಡ ಮುಗಿದದ್ದು 1695ರಲ್ಲಿ. ಒಳಹೋಗುವ ಮುಂಚೆ ಅಂಗಳದಲ್ಲೇ ನಿಂತು ಕೆಳಗಿನ ಕಮಾನುಗಳನ್ನು ನೋಡಿ: ಮೇಲಿನ ಅರ್ಧವೃತ್ತ ಕಲ್ಲಿನಿಂದ ಮುಚ್ಚಿದೆ. ಲೈಬ್ರರಿಯ ನೆಲ ಆ ಕಲ್ಲಿನ ಹಿಂದೆ, ಹೊರಗಿನಿಂದ ಅಂದಾಜಿಸುವುದಕ್ಕಿಂತ ತಗ್ಗಿನಲ್ಲಿದೆ. ಹಾಗಾಗಿ ಒಳಗೆ ಕಿಟಕಿಗಳು ಎತ್ತರಕ್ಕೆ ಹೋದವು, ಅವುಗಳ ಕೆಳಗೆ ಎತ್ತರದ ಕಪಾಟು ಇಡಲು ಗೋಡೆ ಸಿಕ್ಕಿತು, ಬೆಳಕೂ ಕಡಿಮೆಯಾಗಲಿಲ್ಲ.

ಪ್ರದರ್ಶನದ ಪೆಟ್ಟಿಗೆಗಳಿಗೆ ಬಂದರೆ, ಚಲನೆ, ಗುರುತ್ವಗಳ ನಿಯಮ ಹೇಳುವ ನ್ಯೂಟನ್‌ನ ಗ್ರಂಥ 'ಪ್ರಿನ್ಸಿಪಿಯಾ'ದ ಅವನದೇ ಸ್ವಂತ ಪ್ರತಿಗೆ ಸಾಕಷ್ಟು ಸಮಯ ಕೊಡಿ. 1687ರ ಮೊದಲ ಮುದ್ರಣ ಅದು. 1713ರ ಎರಡನೇ ಮುದ್ರಣಕ್ಕೆ ಬೇಕಾದ ತಿದ್ದುಪಡಿಗಳು ಅವನದೇ ಕೈಬರಹದಲ್ಲಿವೆ. ಹೊಡೆದು ಹಾಕಿದ ಒಂದು ಸಾಲು ಅಮೃತಶಿಲೆಯ ಮುಖಕ್ಕಿಂತ ಹೆಚ್ಚು ಹೇಳುತ್ತದೆ. ಪ್ರದರ್ಶನದ ವಸ್ತುಗಳು ಬದಲಾಗುತ್ತಿರುತ್ತವೆ, ನಿರ್ದಿಷ್ಟವಾಗಿ ಒಂದನ್ನೇ ನೋಡಲು ಹೋಗುವವರು ಮೊದಲೇ ವಿಚಾರಿಸಬೇಕು. ರಾಮಾನುಜನ್ ಅವರ 'ಕಳೆದುಹೋದ ನೋಟ್‌ಬುಕ್'ಗೆ ಇದು ಇನ್ನೂ ಮುಖ್ಯ. 1976ರಲ್ಲಿ ಗಣಿತಜ್ಞ ಜಾರ್ಜ್ ಆಂಡ್ರೂಸ್ ಅದನ್ನು ಪತ್ತೆ ಮಾಡಿದ್ದು ಇದೇ ಲೈಬ್ರರಿಯ ಕಡತಗಳಲ್ಲಿ. ಹೆಸರಿಗೆ ನೋಟ್‌ಬುಕ್, ಇರುವುದು ಬಿಡಿ ಹಾಳೆಗಳು. 1920ರಲ್ಲಿ 32ನೇ ವಯಸ್ಸಿಗೆ ತೀರಿಕೊಳ್ಳುವ ಮುನ್ನಿನ ಕೊನೆಯ ವರ್ಷದ ಲೆಕ್ಕ. ಮೂಲಕ್ಕೇ ಪಟ್ಟು ಹಿಡಿಯದಿದ್ದರೆ 1980ರ ದಶಕದ ಕೊನೆಗೆ ದೆಹಲಿಯಲ್ಲಿ ಅಚ್ಚಾದ ಯಥಾಪ್ರತಿ ಓದಲು ಸಾಕು.

ಕೊಠಡಿಯ ತುದಿಯಲ್ಲಿ ಥೋರ್ವಾಲ್ಡ್‌ಸನ್ ಕಡೆದ ಕವಿ ಬೈರನ್ ಕೂತಿದ್ದಾನೆ. ಲಂಡನ್ನಿನ ಚರ್ಚು ವೆಸ್ಟ್‌ಮಿನ್‌ಸ್ಟರ್ ಅಬೆ ಬೇಡವೆಂದದ್ದರಿಂದ ಇಲ್ಲಿಗೆ ಬಂದವನು. ಓದುವಾಗ ನಾಯಿ ಸಾಕಲು ಬಿಡಲಿಲ್ಲವೆಂದು ಕರಡಿ ಸಾಕಿದ್ದ ಮಹಾಶಯ. ಅವನ ಮೇಲಿನ ಬಣ್ಣದ ಗಾಜಿನ ಕಿಟಕಿಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ. ಅದರಲ್ಲಿ ಚಿತ್ರಿಸಿರುವ ದೊರೆ ಮೂರನೇ ಜಾರ್ಜ್ ಪಟ್ಟಕ್ಕೆ ಬಂದದ್ದು 1760ರಲ್ಲಿ. ಅವನ ಮುಂದೆ ನಿಂತಿರುವ ನ್ಯೂಟನ್ ಸತ್ತು ಆಗಲೇ 33 ವರ್ಷವಾಗಿತ್ತು. ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿರುವ ಬೇಕನ್ ಸತ್ತದ್ದು 1626ರಲ್ಲಿ.

ಹಗಲಲ್ಲಿ ಚಾಪೆಲ್ ತಪ್ಪಿಹೋದರೆ ಇನ್ನೊಂದು ದಾರಿ ಇದೆ. ತರಗತಿಗಳು ನಡೆಯುವ ತಿಂಗಳುಗಳಲ್ಲಿ ಕೆಲವು ಸಂಜೆ ಗಾಯನದ ಪ್ರಾರ್ಥನೆ ಇರುತ್ತದೆ, ಯಾರು ಬೇಕಾದರೂ ಹೋಗಬಹುದು. ಒಳಗೆ ಹೋಗುವ ದಾರಿ ಆ ಆರು ಮೂರ್ತಿಗಳ ನಡುವೆಯೇ.