ಮುಂದಿನ ಗಾಜಿಗೆ ವಾಟರ್ ರಿಪೆಲೆಂಟ್: ಎರಡೂವರೆ ವರ್ಷ ಹಚ್ಚಿ ನೋಡಿದ ಮೇಲೆ

ಕಾರಿನ ಮುಂದಿನ ಗಾಜಿಗೆ ವಾಟರ್ ರಿಪೆಲೆಂಟ್, ಅಂದರೆ ಮಳೆನೀರು ಹರಡದೆ ಹನಿಯಾಗಿ ಜಾರುವಂತೆ ಮಾಡುವ ದ್ರವ, ಹಚ್ಚಲು ಶುರು ಮಾಡಿ ಎರಡೂವರೆ ವರ್ಷವಾಯಿತು. ಇಲ್ಲಿಯವರೆಗೆ ಒಂಬತ್ತು ಸಲ ಹಚ್ಚಿದ್ದೇನೆ. ಮೊದಲ 8 ತಿಂಗಳಲ್ಲಿ ಐದು ಸಲ ಸಿಲಿಕೋನ್ ಬಗೆಯದ್ದು, ಆಮೇಲಿನ 22 ತಿಂಗಳಲ್ಲಿ ನಾಲ್ಕು ಸಲ ಫ್ಲೋರಿನ್ ಬಗೆಯದ್ದು. ಈ ಒಂಬತ್ತರಲ್ಲಿ ಮೂರು ಸಲ ಕೆಟ್ಟಿತು. ಮೂರೂ ಸಲ ನಾನು ಎಡವಿದ್ದು ಗಾಜನ್ನು ಸಿದ್ಧ ಮಾಡುವುದರಲ್ಲಿ, ಬಾಟಲಿಯೊಳಗಿದ್ದ ದ್ರವದ್ದೇನೂ ತಪ್ಪಿರಲಿಲ್ಲ. ಅದಕ್ಕೇ ನಾನು ಬಳಸಿದ ಬ್ರ್ಯಾಂಡುಗಳ ಹೆಸರು ಬರೆಯುತ್ತಿಲ್ಲ. 1972ರಲ್ಲಿ ಅಮೆರಿಕದಲ್ಲಿ ರೇನ್-ಎಕ್ಸ್ ಬಂದಾಗಿನಿಂದ ಈ ಸಾಮಾನು ಮಾರುಕಟ್ಟೆಯಲ್ಲಿದೆ, ಈಗ ಹತ್ತಾರು ಕಂಪನಿಗಳು ಮಾಡುತ್ತವೆ. ಯಾವ ಬಾಟಲಿ ಒಳ್ಳೆಯದು ಎಂದು ನನ್ನನ್ನು ಕೇಳುವವರಿಗೆಲ್ಲ, ಗಾಜು ಹೇಗೆ ತೊಳೆಯುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ.

ಸರಿಯಾಗಿ ಕೂತರೆ ಹೇಗಿರುತ್ತದೆ ಎಂದು ಮೊದಲು ಹೇಳುತ್ತೇನೆ. ಹೆದ್ದಾರಿಯಲ್ಲಿ ಜೋರು ಮಳೆ, ವೇಗ 60 ಕಿ.ಮೀ. ದಾಟುತ್ತಿದೆ ಅಂದುಕೊಳ್ಳಿ. ಗಾಜಿನ ಮೇಲೆ ಬಿದ್ದ ನೀರು ಹರಡುವುದಿಲ್ಲ, ದುಂಡಗೆ ಹನಿಯಾಗಿ ಕೂರುತ್ತದೆ. ದೊಡ್ಡ ಹನಿ ಮೊದಲು ನಡುಗುತ್ತದೆ. ಆಮೇಲೆ ಮೆಲ್ಲಗೆ ಮೇಲಕ್ಕೆ ಜಾರಲು ಶುರುವಾಗಿ, ದಾರಿಯಲ್ಲಿ ಸಿಕ್ಕ ಸಣ್ಣ ಹನಿಗಳನ್ನೆಲ್ಲ ನುಂಗಿಕೊಂಡು ರೂಫಿನ ಕಡೆಗೆ ಓಡಿಹೋಗುತ್ತದೆ. ವೇಗ 80ಕ್ಕೆ ಬಂದರೆ ಇಡೀ ಗಾಜು ತಾನಾಗಿ ತಿಳಿಯಾಗುತ್ತಿರುತ್ತದೆ. ಲಾರಿಯನ್ನು ಓವರ್‌ಟೇಕ್ ಮಾಡುವಾಗ ಅದರ ಚಕ್ರದ ಕೊಳೆನೀರು ಒಮ್ಮೆಲೇ ಗಾಜಿಗೆ ಅಪ್ಪಳಿಸುತ್ತದಲ್ಲ, ಆ ಒಂದೆರಡು ಸೆಕೆಂಡು ಕಣ್ಣಿಗೆ ಬಟ್ಟೆ ಕಟ್ಟಿದ ಹಾಗಾಗುವುದು ನನಗೆ ಯಾವತ್ತೂ ಭಯ. ಕೋಟಿಂಗ್ ಇದ್ದಾಗ ಆ ನೀರು ಒಡೆದು ಚದುರಿ, ವೈಪರ್ ಒಂದು ಸಲ ಬಂದು ಹೋಗುವುದರೊಳಗೆ ರಸ್ತೆ ಮತ್ತೆ ಕಾಣುತ್ತದೆ. ಇದೊಂದು ಕಾರಣ ಸಾಕು, ಇಷ್ಟೆಲ್ಲ ರಗಳೆ ಇದ್ದರೂ ನಾನು ಇದನ್ನು ಬಿಟ್ಟಿಲ್ಲ.

ಕೋಟಿಂಗ್ ಹೇಗೆ ಹಿಡಿಯುತ್ತದೆ ಎಂದು ತಿಳಿದಿದ್ದರೆ ನನ್ನ ಮೂರು ತಪ್ಪುಗಳೂ ಆಗುತ್ತಿರಲಿಲ್ಲ. ಸ್ವಚ್ಛ ಗಾಜಿನ ಮೇಲ್ಮೈಯಲ್ಲಿ ಹೈಡ್ರಾಕ್ಸಿಲ್ ಗುಂಪುಗಳಿರುತ್ತವೆ (ಆಮ್ಲಜನಕ, ಜಲಜನಕ ಪರಮಾಣುಗಳ ಜೋಡಿ), ನೀರನ್ನು ಎಳೆದು ಹರಡಿಸುವುದು ಅವೇ. ಕೋಟಿಂಗಿನ ಅಣುಗಳು ಒಂದು ತುದಿಯಿಂದ ಆ ಜಾಗಗಳನ್ನೇ ಕಚ್ಚಿಕೊಂಡು, ನೀರಿಗೆ ಒಗ್ಗದ ಇನ್ನೊಂದು ತುದಿಯನ್ನು ಹೊರಗೆ ಚಾಚುತ್ತವೆ. ಆಗ ಹನಿಯ ಅಂಚು ಗಾಜಿನ ಜೊತೆ ಮಾಡುವ ಕೋನ 100–110 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ತಾವರೆ ಎಲೆಯಲ್ಲಿ ಇದು 150 ದಾಟುತ್ತದೆ, ಆದರೆ ಅದಕ್ಕೆ ಎಲೆಯ ಮೇಲಿನ ಸೂಕ್ಷ್ಮ ಉಬ್ಬುತಗ್ಗುಗಳೂ ಬೇಕು. ನುಣುಪಾದ ಗಾಜಿನಲ್ಲಿ ಅದು ಆಗದ ಮಾತು. ಹಾಗಾಗಿ ನಿಂತ ಕಾರಿನ ಗಾಜಿನಿಂದ ಹನಿಗಳೆಲ್ಲ ತಾವಾಗಿ ಉರುಳಿಹೋಗುತ್ತವೆ ಎಂದು ಕಾಯಬೇಡಿ, ಅವನ್ನು ಗಾಳಿ ತಳ್ಳಬೇಕು. ಪದರದ ದಪ್ಪವೂ ನ್ಯಾನೋಮೀಟರ್ ಲೆಕ್ಕದ್ದು. ಅಣು ಕಚ್ಚಿಕೊಳ್ಳಬೇಕಾದ ಜಾಗದಲ್ಲಿ ಜಿಡ್ಡು ಕೂತಿದ್ದರೆ ಅದು ಜಿಡ್ಡಿಗೇ ಅಂಟಿಕೊಳ್ಳುತ್ತದೆ, ಜಿಡ್ಡಿನ ಜೊತೆಗೇ ಹೋಗುತ್ತದೆ.

ಮೊದಲ ಸಲ ನಾನು ಕಾರು ತೊಳೆದು ಗಾಜು ಒರೆಸಿ, ಪಳಪಳ ಹೊಳೆಯುತ್ತಿದೆ ಎಂದು ಹಾಗೇ ಹಚ್ಚಿಬಿಟ್ಟೆ. ಎರಡನೇ ಮಳೆಗೇ ವೈಪರ್ ಗುರ್‌ಗುರ್ ಎನ್ನತೊಡಗಿತು. ಮೇಲೆ ಹೋಗುವಾಗ ನಯವಾಗಿ ಹೋಗುತ್ತಿತ್ತು, ಕೆಳಗೆ ಬರುವಾಗ ಎರಡು ಬೆರಳಿಗೊಂದು ನೆಗೆತ, ನೆಗೆದ ಕಡೆಯೆಲ್ಲ ನೀರಿನ ಗೆರೆ. ಬ್ಲೇಡ್ ಹಳತಾಗಿರಬೇಕೆಂದು ಹೊಸ ಜೋಡಿ ಹಾಕಿಸಿದೆ, ಸದ್ದು ನಿಲ್ಲಲಿಲ್ಲ. ಗಾಜಿನ ಮೇಲೆ ಹಳೇ ವ್ಯಾಕ್ಸ್, ಹೊಗೆಯ ಜಿಡ್ಡು ಇನ್ನೂ ಇತ್ತು. ಕೋಟಿಂಗ್ ಅಲ್ಲಲ್ಲಿ ಹಿಡಿದು ಅಲ್ಲಲ್ಲಿ ಬಿಟ್ಟಿತ್ತು. ರಬ್ಬರ್ ಒಂದು ಕಡೆ ಜಾರಿ, ಮುಂದಿನ ಕಡೆ ತಡೆದು, ಮತ್ತೆ ನೆಗೆಯುತ್ತಿತ್ತು. ಎರಡನೇ ತಪ್ಪು, ಬಿಸಿಲಲ್ಲಿ ಕಾದ ಗಾಜಿಗೆ ಹಚ್ಚಿದ್ದು. ಒರೆಸುವುದರೊಳಗೆ ದ್ರವದಲ್ಲಿದ್ದ ಆಲ್ಕೋಹಾಲ್ ಆರಿ ಬೆಳ್ಳನೆ ಪಟ್ಟೆಗಳು ಉಳಿದವು. ಮೂರನೆಯದು, ಹಳೇ ಸಿಲಿಕೋನ್ ಪದರ ತೆಗೆಯದೆ ಅದರ ಮೇಲೇ ಫ್ಲೋರಿನ್ ಬಗೆಯದ್ದನ್ನು ಹಚ್ಚಿದ್ದು. ಅದು ಎರಡೇ ತಿಂಗಳಿಗೆ ಹೋಯಿತು.

ಈಗ ನಾನು ಮಾಡುವ ಕ್ರಮವೇ ಬೇರೆ. ನೆರಳಲ್ಲಿ ನಿಲ್ಲಿಸಿ, ಕೈಯಿಟ್ಟರೆ ಗಾಜು ತಣ್ಣಗಿರಬೇಕು. ಮೊದಲು ಶಾಂಪೂ ಹಾಕಿ ತೊಳೆದು, ಕ್ಲೇ ಬಾರ್ (ಕೊಳೆ ಎತ್ತುವ ಮೆತ್ತನೆ ಜೇಡಿಯಂಥ ಉಂಡೆ) ಉಜ್ಜಿ ಅಂಟಿದ ಮೇಣ, ಟಾರು, ಹುಳುವಿನ ಕಲೆಗಳನ್ನು ತೆಗೆಯುತ್ತೇನೆ. ನಿಜವಾದ ಕೆಲಸ ಸೀರಿಯಂ ಆಕ್ಸೈಡಿನದು. ಗಾಜಿಗೆ ಪಾಲಿಷ್ ಮಾಡಲು ಬಳಸುವ ನುಣ್ಣನೆ ಪುಡಿ ಅದು. ನೀರಿನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ ಸ್ಪಂಜಿನಿಂದ ಒಂದೊಂದು ಅಂಗೈಯಗಲ ಜಾಗ ಉಜ್ಜುತ್ತಾ ಹೋಗಬೇಕು. ಜಿಡ್ಡು ಎಲ್ಲಿದೆ ಎಂದು ಆ ಪೇಸ್ಟೇ ತೋರಿಸುತ್ತದೆ. ಜಿಡ್ಡಿರುವ ಕಡೆ ಅದು ಹರಡಲು ಒಪ್ಪದೆ ಬಿರಿದು ಸರಿದುಕೊಳ್ಳುತ್ತದೆ, ಉಜ್ಜಿದಂತೆ ಒಂದು ಹಂತದಲ್ಲಿ ಹಾಲಿನ ಕೆನೆಯಂತೆ ಸಮನಾಗಿ ಕೂರುತ್ತದೆ. ಅಲ್ಲಿಗೆ ಆ ಜಾಗ ಮುಗಿಯಿತು, ಪಕ್ಕಕ್ಕೆ ಹೋಗಬಹುದು. ನನ್ನ ಕಾರಿನ ಗಾಜಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ, ಭುಜ ನೋಯುತ್ತದೆ. ಪೇಸ್ಟ್ ಒಣಗಲು ಬಿಡಬಾರದು, ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್ಕಿಗೆ ಬಿದ್ದರೆ ಬಿಳಿ ಕಲೆ ಬಿಡಿಸುವುದೇ ಒಂದು ಕೆಲಸವಾಗುತ್ತದೆ, ಅಲ್ಲಿ ಹಳೇ ಟವೆಲ್ ಹಾಸಿಕೊಳ್ಳಿ. ಕೊನೆಗೆ ನೀರು ಬಿಟ್ಟಾಗ ಎಲ್ಲೂ ಹನಿ ಕಟ್ಟದೆ ಒಂದೇ ತೆಳು ಹಾಳೆಯಾಗಿ ನಿಂತರೆ ಗಾಜು ಸಿದ್ಧ ಎಂದರ್ಥ. ಆಮೇಲೆ ಪೂರ್ತಿ ಒಣಗಿಸಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒಮ್ಮೆ ಒರೆಸಿ, ಬೆರಳು ತಾಗಿಸದೆ ಕೋಟಿಂಗ್ ಹಚ್ಚುತ್ತೇನೆ.

ಹಚ್ಚುವುದು ಹತ್ತು ನಿಮಿಷದ ಮಾತು. ಸಿಲಿಕೋನ್ ಬಗೆಯದ್ದನ್ನು ಬಟ್ಟೆಗೆ ಹಾಕಿ ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜಿ, ಮಂಜಿನಂತೆ ಆರಿದ ಮೇಲೆ ಒರೆಸಬೇಕು. ಫ್ಲೋರಿನ್ ಬಗೆಯದ್ದನ್ನು ಒಂದರ ಮೇಲೊಂದು ಹಾಯುವಂತೆ ಎಳೆದು, ಪ್ಯಾಕಿನಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಬೇಕು. ಎರಡರಲ್ಲೂ ಬೇಗ ಬೆಂಕಿ ಹಿಡಿಯುವ ದ್ರಾವಕ ಇರುವುದರಿಂದ ಗಾಳಿಯಾಡುವ ಕಡೆ, ಕೈಗವಸು ಹಾಕಿಕೊಂಡೇ ಮಾಡಿ. ನನ್ನಲ್ಲಿ ಸಿಲಿಕೋನ್ ಬಾಳಿದ್ದು ಆರು ವಾರ, ಫ್ಲೋರಿನ್ ಆರೇಳು ತಿಂಗಳು. ಮೊದಲನೆಯದು ಅಗ್ಗ, ಕೈ ಪಳಗಲು ಒಳ್ಳೆಯದು. ವರ್ಷವಿಡೀ ಓಡಿಸುವವರಿಗೆ ಎರಡನೆಯದೇ ಸರಿ ಎನ್ನುತ್ತೇನೆ.

ಇನ್ನು ಇದರ ನಿಜವಾದ ಕೊರತೆ. ರಾತ್ರಿ, ತುಂತುರು ಮಳೆ, ಊರೊಳಗಿನ ನಿಧಾನ ಟ್ರಾಫಿಕ್, ಈ ಮೂರೂ ಸೇರಿದಾಗ ಕೋಟಿಂಗ್ ನನಗೆ ಕಷ್ಟ ಕೊಟ್ಟಿದೆ. ಸಾಸಿವೆಗಿಂತ ಸಣ್ಣ ಹನಿಗಳನ್ನು 30–40 ಕಿ.ಮೀ. ವೇಗದ ಗಾಳಿ ಕದಲಿಸಲಾರದು. ಎದುರಿನ ಹೆಡ್‌ಲೈಟ್ ಬೆಳಕು ಒಂದೊಂದು ಹನಿಯಲ್ಲೂ ಚದುರಿ ಗಾಜಿನ ತುಂಬ ಕಿಡಿ ಎರಚಿದಂತೆ ಕಾಣುತ್ತದೆ. ವೈಪರ್ ಹೋದ ಹಿಂದೆಯೇ ತೆಳ್ಳನೆ ಮಬ್ಬು ಉಳಿದು, ಅರೆ ಸೆಕೆಂಡಿನಲ್ಲಿ ಆರುತ್ತದೆ. ಇಂಥ ಹೊತ್ತಿನಲ್ಲಿ ಏನೂ ಹಚ್ಚದ ಸ್ವಚ್ಛ ಗಾಜೇ ವಾಸಿ, ಅದರಲ್ಲಿ ನೀರು ಹಾಳೆಯಾಗಿ ಹರಡುವುದರಿಂದ ನೋಟ ಅಷ್ಟು ಒಡೆಯುವುದಿಲ್ಲ. ನಿಮ್ಮ ಓಡಾಟ ಹೆಚ್ಚಾಗಿ ರಾತ್ರಿ ಊರೊಳಗೇ ಆದರೆ ಇದನ್ನು ಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ‘ಇನ್ನು ವೈಪರ್ ಬೇಡ’ ಎನ್ನುವ ಮಾತನ್ನಂತೂ ನಂಬಬೇಡಿ. ನಾನು ಪ್ರತಿ ಮಳೆಯಲ್ಲೂ ವೈಪರ್ ಹಾಕುತ್ತೇನೆ, ಹಾಕುವುದು ಕಡಿಮೆಯಾಗಿದೆ ಅಷ್ಟೇ.

ಮಳೆ ಬಿದ್ದರೆ ವೈಪರನ್ನು ತಾನಾಗಿ ಓಡಿಸುವ ರೇನ್ ಸೆನ್ಸರ್ ಇರುವ ಕಾರಿನವರು ಇನ್ನೊಂದು ಗಮನಿಸಿ. ಸೆನ್ಸರ್ ಗಾಜಿನೊಳಗೆ ಇನ್‌ಫ್ರಾರೆಡ್ ಬೆಳಕು ಬಿಟ್ಟು, ಮೇಲೆ ನೀರಿದ್ದಾಗ ಮರಳುವ ಬೆಳಕು ಕಡಿಮೆಯಾಗುವುದನ್ನು ಅಳೆಯುತ್ತದೆ. ನೀರು ಹರಡದೆ ಹನಿಯಾದಾಗ ಅದರ ಲೆಕ್ಕ ಸ್ವಲ್ಪ ಬದಲಾಗುತ್ತದೆ. ನನ್ನ ಕಾರಿನಲ್ಲಿ ವೈಪರ್ ತಡವಾಗಿ ಏಳುತ್ತಿತ್ತು, ಸೆನ್ಸಿಟಿವಿಟಿ ಒಂದು ಹಂತ ಏರಿಸಿದ ಮೇಲೆ ಸರಿಹೋಯಿತು. ಪಕ್ಕದ ಕನ್ನಡಿಗಳಿಗೆ ಒಮ್ಮೆ ಹಚ್ಚಿ ಬಿಟ್ಟುಬಿಟ್ಟೆ. ಅಲ್ಲಿ ತಳ್ಳುವ ಗಾಳಿ ಸಾಲದು, ಹನಿಗಳು ಗಟ್ಟಿಯಾಗಿ ಕೂತು ಹಿಂದಿನ ಗಾಡಿಯನ್ನೇ ಮರೆಮಾಡುತ್ತವೆ. ಗಾಜಿನ ಒಳಬದಿಗೆ ಹಚ್ಚಲೇಬೇಡಿ. ಮಂಜು ಕಟ್ಟದಿರಲು ನೀರು ಹರಡಿಸುವ ದ್ರವ ಬೇಕು, ಇದು ಮಾಡುವುದು ಅದರ ತದ್ವಿರುದ್ಧ.

ಒಮ್ಮೆ ಕಾರು ತೊಳೆಯಲು ಕೊಟ್ಟ ಕಡೆ ಗಾಜಿಗೆ ಯಾವುದೋ ಖಾರವಾದ ಕ್ಲೀನರ್ ಹಾಕಿ ಉಜ್ಜಿದರು. ಹಚ್ಚಿ ಹದಿನೈದು ದಿನವಾಗಿತ್ತು, ಸಂಜೆ ಮಳೆಗೆ ನೋಡಿದರೆ ಅರ್ಧ ಗಾಜಿನಲ್ಲಿ ಹನಿಯೇ ಕಟ್ಟಲಿಲ್ಲ. ಅಂದಿನಿಂದ ಮುಂದಿನ ಗಾಜಿಗೆ ಬರೀ ಶಾಂಪೂ ಎಂದು ಮೊದಲೇ ಹೇಳಿರುತ್ತೇನೆ. ಗಡಸು ನೀರಿನಿಂದ ತೊಳೆದು ಹಾಗೇ ಒಣಗಲು ಬಿಟ್ಟರೂ ತೊಂದರೆ. ಕೂತಲ್ಲೇ ಆರಿದ ಒಂದೊಂದು ಹನಿಯೂ ಸುಣ್ಣದ ಉಂಗುರ ಬಿಡುತ್ತದೆ, ಬಿಸಿಲಿಗೆ ಗಟ್ಟಿಯಾದರೆ ಬೇಗ ಹೋಗುವುದಿಲ್ಲ.

ಪದರ ಸವೆಯುವುದು ಎಲ್ಲಕ್ಕಿಂತ ಮೊದಲು ವೈಪರ್ ಓಡುವ ಜಾಗದಲ್ಲಿ. ಮಳೆ ನಿಂತ ಕೂಡಲೇ ಹೊರಗಿನಿಂದ ನೋಡಿದರೆ ಗಾಜಿನ ಮೇಲೆ ಎರಡು ಬೀಸಣಿಗೆ ಬಿಡಿಸಿದ ಹಾಗೆ ಕಾಣುತ್ತದೆ. ಬೀಸಣಿಗೆಯೊಳಗೆ ನೀರು ಒದ್ದೆ ಬಟ್ಟೆಯಂತೆ ಚಪ್ಪಟೆ, ಹೊರಗಿನ ಮೂಲೆಗಳಲ್ಲಿ ಇನ್ನೂ ದುಂಡು ದುಂಡು ಹನಿ. ಡ್ರೈವರ್ ಎದುರಿನ ಬೀಸಣಿಗೆ ನನ್ನ ಕಾರಿನಲ್ಲಿ ಯಾವಾಗಲೂ ಒಂದು ತಿಂಗಳು ಮುಂಚೆ ಕಾಣಿಸಿಕೊಳ್ಳುತ್ತದೆ. ಅದರ ಅಂಚು ಸ್ಪಷ್ಟವಾಗಿ ಕಂಡ ವಾರವೇ ನಾನು ಸೀರಿಯಂ ಪುಡಿಯ ಡಬ್ಬಿ ಹೊರಗೆ ತೆಗೆಯುತ್ತೇನೆ.