ಮಕ್ಕಳ 100 ನ್ಯೂಟನ್ ಲೈಫ್ ಜಾಕೆಟ್: ಕಾರಂಜಾ ಹಿನ್ನೀರಿನ ಕ್ಯಾನೂ ಬಿಡಾರದಲ್ಲಿ ಬಳಸಿ ನೋಡಿದ ವಿಮರ್ಶೆ

ಚಿಕ್ಕ ಮಕ್ಕಳನ್ನು ಕರೆದುಕೊಂಡು ಕ್ಯಾನೂ ಎಂಬ, ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿಯಲ್ಲಿ ಹೋಗಿ, ನೀರಿನಂಚಿನಲ್ಲಿ ಡೇರೆ ಹಾಕಿ ರಾತ್ರಿ ಉಳಿಯಬೇಕೆಂದು ಮೊದಲ ಬಾರಿಗೆ ಯೋಚಿಸುವವರು ಸಾಮಾನ್ಯವಾಗಿ ದೋಣಿಯ ಬೆಲೆಯಿಂದ ಲೆಕ್ಕ ಹಾಕಲು ಶುರುಮಾಡುತ್ತಾರೆ. ಲೆಕ್ಕ ಶುರುವಾಗಬೇಕಾದದ್ದು ಮಕ್ಕಳ ಲೈಫ್ ಜಾಕೆಟ್‌ನಿಂದ ಎಂಬುದು ನನ್ನ ಖಚಿತ ಅಭಿಪ್ರಾಯ. ದೋಣಿಯನ್ನು ಬಾಡಿಗೆಗೆ ತರಬಹುದು, ಡೇರೆಯನ್ನು ಬಂಧುಗಳಿಂದ ಎರವಲು ಪಡೆಯಬಹುದು. ಮಗುವಿನ ಮೈಗೆ ಸರಿಯಾಗಿ ಕೂರುವ ಜಾಕೆಟ್ ಮಾತ್ರ ಎರವಲಾಗಿ ಸಿಗುವುದು ಅಪರೂಪ. ನಾವು ಬೀದರಿನವರು. ಇಲ್ಲಿ ಇಂಥ ಸಾಮಾನು ಕೈಯಿಂದ ಮುಟ್ಟಿ ನೋಡಿ ಕೊಳ್ಳಲು ಸಿಗದಿದ್ದುದರಿಂದ ಹೈದರಾಬಾದಿನ ಕ್ರೀಡಾ ಸಾಮಗ್ರಿಯ ಅಂಗಡಿಯೊಂದಕ್ಕೆ ಮಕ್ಕಳನ್ನು ಕರೆದೊಯ್ದು ಎರಡು ಜಾಕೆಟ್ ಕೊಂಡೆವು. ಒಂದಕ್ಕೆ ಎರಡು ಸಾವಿರ ರೂಪಾಯಿಯ ಆಸುಪಾಸು ಬಿತ್ತು. ಬ್ರ್ಯಾಂಡ್ ಯಾವುದೇ ಇರಲಿ, ನೋಡಬೇಕಾದ ಗುಣಗಳು ಒಂದೇ ಆಗಿರುವುದರಿಂದ ಈ ಬರಹ ಆ ಗುಣಗಳ ಕುರಿತದ್ದು.

ಜಾಕೆಟ್‌ನ ಒಳಬದಿಗೆ ಹೊಲಿದಿರುವ ಬಿಳಿ ಪಟ್ಟಿಯನ್ನು ಮೊದಲು ಓದಬೇಕು. ಅದರ ಮೇಲೆ 50, 100, 150 ಎಂಬ ಅಂಕಿಗಳಲ್ಲಿ ಒಂದು ಅಚ್ಚಾಗಿರುತ್ತದೆ. ಅದು ಜಾಕೆಟ್‌ನ ತೇಲುಬಲವನ್ನು ನ್ಯೂಟನ್ ಎಂಬ ಮಾನದಲ್ಲಿ ಹೇಳುವ ಅಂಕಿ. 50 ಎಂದಿರುವುದು ಐಎಸ್‌ಒ 12402-5 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತಯಾರಾದ ತೇಲುವ ಸಹಾಯಕ. ಈಜು ಬಲ್ಲವರಿಗೆ, ದಡ ಹತ್ತಿರವಿರುವಲ್ಲಿ, ನೆರವಿಗೆ ಜನ ಇರುವಾಗ ಮಾತ್ರ ಅದು ಸಾಕು. ಪ್ರಜ್ಞೆ ತಪ್ಪಿದ ಅಥವಾ ಗಾಬರಿಯಾದ ಮಗುವನ್ನು ಅದು ಅಂಗಾತ ತಿರುಗಿಸುತ್ತದೆಂದು ನಂಬುವಂತಿಲ್ಲ. 100 ಎಂದಿರುವುದು ಐಎಸ್‌ಒ 12402-4ರ ಜಾಕೆಟ್. ಶಾಂತ ನೀರಿನಲ್ಲಿ ಮುಖ ಮೇಲೆ ಬರುವಂತೆ ತಿರುಗಿಸುವ ವಿನ್ಯಾಸ ಅದರದು. ಈಜು ಬಾರದ ಮಗುವಿಗೆ ಇದಕ್ಕಿಂತ ಕಡಿಮೆಯದನ್ನು ಕೊಳ್ಳಬಾರದು. 100 ನ್ಯೂಟನ್ ಎಂಬ ಪೂರ್ತಿ ತೇಲುಬಲ ದೊಡ್ಡವರ ಅಳತೆಗೆ ಹೇಳಿದ್ದು. ಮಕ್ಕಳ ಅಳತೆಗಳಲ್ಲಿ ತೂಕಕ್ಕೆ ತಕ್ಕಂತೆ ಅದು ಕಡಿಮೆ ಇರುತ್ತದೆ, ಇರಬೇಕಾದದ್ದೂ ಹಾಗೆಯೇ. ಹೀಗಾಗಿ ದೊಡ್ಡವರ ಜಾಕೆಟ್ಟನ್ನು ಹಗ್ಗ ಬಿಗಿದು ಮಗುವಿಗೆ ತೊಡಿಸಿದರೆ ರಕ್ಷಣೆ ಹೆಚ್ಚುವುದಿಲ್ಲ. ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ. ತೋಳಿಗೆ ಸಿಕ್ಕಿಸುವ ಗಾಳಿಯ ಚೀಲಗಳಂತೂ ಈಜುಕೊಳದ ಆಟಿಕೆಗಳು, ಅವನ್ನು ದೋಣಿಗೆ ತರಲೇಬಾರದು.

ನಮ್ಮ ಭಾಗದಲ್ಲಿ ಮಕ್ಕಳ ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿ ಬಾವಿಗೆ ಇಳಿಸಿ ಈಜು ಕಲಿಸುವ ರೂಢಿ ಹಳೆಯದು. ಕಲಿಸುವವರು ಪಕ್ಕದಲ್ಲೇ ಇರುವಾಗ ಅದು ಒಳ್ಳೆಯ ಉಪಾಯ. ಆದರೆ ತೇಲುವ ವಸ್ತು ಬೆನ್ನ ಮೇಲಿದ್ದರೆ ದೇಹ ಬೋರಲಾಗುತ್ತದೆ, ಮುಖ ನೀರಿನ ಕಡೆಗೇ ಇರುತ್ತದೆ. ಲೈಫ್ ಜಾಕೆಟ್‌ನಲ್ಲಿ ಫೋಮ್‌ನ ಹೆಚ್ಚಿನ ಭಾಗ ಎದೆಯ ಮೇಲೂ ಕತ್ತಿನ ಹಿಂದೂ ಇರುವುದು ಇದೇ ಕಾರಣಕ್ಕೆ. ಮಕ್ಕಳ ಜಾಕೆಟ್ ಕೊಳ್ಳುವಾಗ ಆ ದಪ್ಪ ಕಾಲರ್, ಅದರ ಹಿಂದೆ ಮಗುವನ್ನು ಹಿಡಿದೆತ್ತಲು ಗಟ್ಟಿಯಾದ ಒಂದು ಕುಣಿಕೆ, ಎರಡು ಕಾಲುಗಳ ನಡುವಿನಿಂದ ಹಾಯ್ದು ಬಂದು ಮುಂದೆ ಸಿಕ್ಕಿಕೊಳ್ಳುವ ಕಾಲುಪಟ್ಟಿ, ಇವು ಮೂರೂ ಇವೆಯೇ ಎಂದು ನೋಡಬೇಕು. ಸೀಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಹೊರಗಿನಿಂದ ತಂದು ದಾರದಲ್ಲಿ ಕಟ್ಟಬಹುದು. ಬಣ್ಣ ಕಿತ್ತಳೆಯೋ ಹಳದಿಯೋ ಆಗಿರಲಿ. ಮಗಳು ಆಸೆಪಟ್ಟ ನೀಲಿ ಬಣ್ಣವನ್ನು ನಾನು ಒಪ್ಪಲಿಲ್ಲ, ಏಕೆಂದರೆ ಕಂದು ನೀರಿನಲ್ಲಿ ನೀಲಿ ದೂರಕ್ಕೆ ಕಾಣುವುದಿಲ್ಲ.

ಅಳತೆಯನ್ನು ವಯಸ್ಸಿನಿಂದ ತೀರ್ಮಾನಿಸದೆ ತೂಕದಿಂದಲೇ ತೀರ್ಮಾನಿಸಬೇಕು. ನಮ್ಮ ಮನೆಯವರು ಗಾಂಧಿ ಗಂಜಿನ ಪರಿಚಯದ ಅಡತ್ ಅಂಗಡಿಗೆ ಮಕ್ಕಳನ್ನು ಕರೆದೊಯ್ದು ತೊಗರಿ ತೂಗುವ ಕಾಟಾದ ಮೇಲೆ ನಿಲ್ಲಿಸಿದರು: ಮಗಳು 24 ಕಿಲೋ, ಮಗ 17 ಕಿಲೋ. ಇಬ್ಬರ ನಡುವೆ ವಯಸ್ಸಿನ ಅಂತರ ಹೆಚ್ಚಿಲ್ಲದಿದ್ದರೂ ಜಾಕೆಟ್‌ನ ಅಳತೆ ಬೇರೆ ಬೇರೆಯಾಯಿತು. ಮುಂದಿನ ವರ್ಷಕ್ಕೂ ಆಗಲಿ ಎಂದು ಶಾಲೆಯ ಸಮವಸ್ತ್ರ ಕೊಳ್ಳುವಂತೆ ಒಂದು ಅಳತೆ ದೊಡ್ಡದು ಕೊಳ್ಳುವುದು ಇಲ್ಲಿ ಸಲ್ಲದು. ಅಂಗಡಿಯಲ್ಲಿಯೇ ಎಲ್ಲ ಬಕಲ್ ಹಾಕಿ, ಪಟ್ಟಿಗಳನ್ನು ಎಳೆದು, ಮಗುವಿಗೆ ಎರಡೂ ಕೈ ಮೇಲೆತ್ತಲು ಹೇಳಿ, ಭುಜದ ಬಳಿ ಜಾಕೆಟ್ಟನ್ನು ಹಿಡಿದು ಮೇಲಕ್ಕೆ ಎತ್ತಿ ನೋಡಬೇಕು. ಅದು ಗಲ್ಲದ ಮೇಲೆ ಅಥವಾ ಕಿವಿಯ ತನಕ ಬಂದರೆ ಆ ಅಳತೆ ಬೇಡ.

ಇನ್ನು ಜಾಗದ ವಿಚಾರ. ಕ್ಯಾನೂ ಬಿಡಾರದ ಪದ್ಧತಿ ಬೆಳೆದದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಬೌಂಡರಿ ವಾಟರ್ಸ್, ಕೆನಡಾದ ಆಂಟಾರಿಯೊ ಪ್ರಾಂತ್ಯದ ಅಲ್ಗಾಂಕ್ವಿನ್ ಉದ್ಯಾನ ಇಂಥ ಸರೋವರಗಳ ನಾಡಿನಲ್ಲಿ. 1893ರಲ್ಲಿ ಸ್ಥಾಪನೆಯಾದ ಅಲ್ಗಾಂಕ್ವಿನ್‌ನಲ್ಲಿ ಕುಟುಂಬಗಳು ಒಂದು ಸರೋವರದಿಂದ ಇನ್ನೊಂದಕ್ಕೆ ದೋಣಿಯನ್ನು ಹೆಗಲ ಮೇಲೆ ಹೊತ್ತು ಸಾಗುತ್ತವೆ. ಮಿನ್ನೆಸೋಟದಲ್ಲಿ ಸಾಗುತ್ತಿರುವ ದೋಣಿಯಲ್ಲಿ 10 ವರ್ಷದೊಳಗಿನ ಮಕ್ಕಳು ಜಾಕೆಟ್ ತೊಟ್ಟಿರಲೇಬೇಕೆಂಬ ಕಾನೂನಿದೆ. ಅಲ್ಲಿಯ ಭಯ ತಣ್ಣನೆಯ ನೀರು. ನಮ್ಮ ಕಡೆ ಭಯಗಳು ಬೇರೆ. ಯಾದಗಿರಿ ಜಿಲ್ಲೆಯಲ್ಲಿ ಹರಿಯುವ ಕೃಷ್ಣೆಯಲ್ಲಿ ಮೊಸಳೆಗಳಿವೆ, ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಹೊಳೆ ಬೇಗನೆ ಏರುತ್ತದೆ. ಮಕ್ಕಳ ಮೊದಲ ಪ್ರವಾಸಕ್ಕೆ ಆ ಕಡೆ ಯೋಚಿಸಲೇಬಾರದು. ಕಲಬುರಗಿ ಜಿಲ್ಲೆಯ ಚಂದ್ರಂಪಳ್ಳಿ ಜಲಾಶಯದ ಸುತ್ತಿನ ಕಾಡು ಕಣ್ಣಿಗೆ ಹಬ್ಬವಾದರೂ ಅದು 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಸ್ವಂತ ದೋಣಿ ಇಳಿಸುವುದಾಗಲಿ, ಕಂಡಲ್ಲಿ ಡೇರೆ ಹಾಕುವುದಾಗಲಿ ಕೂಡದು. ನಾವು ಆರಿಸಿಕೊಂಡದ್ದು ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಹಿನ್ನೀರು. ಮಾಂಜ್ರಾ ನದಿಯನ್ನು ಸೇರುವ ಕಾರಂಜಾ ಹೊಳೆಗೆ ಬ್ಯಾಲಹಳ್ಳಿಯ ಬಳಿ ಕಟ್ಟಿದ ಈ ಅಣೆಕಟ್ಟಿನ ಹಿನ್ನೀರಿನ ದಂಡೆಗೆ ನನ್ನ ಸೋದರಮಾವನ ಹೊಲ ಹತ್ತಿಕೊಂಡಿದೆ. ಡೇರೆಗೆ ಸ್ವಂತದವರ ಹೊಲ, ನೀರಿಗಿಳಿಯಲು ಸಂಬಂಧಪಟ್ಟ ಕಚೇರಿಯ ಒಪ್ಪಿಗೆ, ಕೂಗಿದರೆ ಓಗೊಡುವ ಅಂತರದಲ್ಲಿ ಜನ, ಇವಿಷ್ಟೂ ಇದ್ದ ಕಾರಣ ಮೊದಲ ಬಿಡಾರಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ತೋಚಲಿಲ್ಲ. ಎಳ್ಳ ಅಮಾವಾಸ್ಯೆಗೆ ಭಜ್ಜಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ದಿನವಿಡೀ ಕಳೆಯುವ ರೂಢಿ ಮಕ್ಕಳಿಗೆ ಮೊದಲೇ ಇದ್ದುದು ದೊಡ್ಡ ಅನುಕೂಲವಾಯಿತು. ಹೊಸದಾಗಿ ಕಲಿಯಬೇಕಿದ್ದದ್ದು ದೋಣಿ ಮತ್ತು ರಾತ್ರಿ ಮಾತ್ರ.

ದೋಣಿ ಇಳಿಸುವ ಮುಂಚೆ ಜಾಕೆಟ್ಟನ್ನು ನೀರಿನಲ್ಲಿ ಪರೀಕ್ಷಿಸಿದೆವು. ನನ್ನ ಸೊಂಟದ ಮಟ್ಟದ ನೀರಿನಲ್ಲಿ ನಾನು ನಿಂತು, ಮಗಳನ್ನು ಬೋರಲಾಗಿ ಮಲಗಿಸಿ ಕೈಕಾಲು ಸಡಿಲ ಬಿಡಲು ಹೇಳಿದೆ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎದೆಯ ಫೋಮ್ ಒಂದು ಭುಜವನ್ನು ಮೇಲೆತ್ತಿತು, ದೇಹ ನಿಧಾನವಾಗಿ ಹೊರಳಿತು, ಕಾಲರ್‌ನ ಮೇಲೆ ತಲೆ ಒರಗಿ ಮುಖ ಆಕಾಶಕ್ಕೆ ಬಂತು. ಮಗನ ಜಾಕೆಟ್‌ನಲ್ಲಿ ಕಾಲುಪಟ್ಟಿಯ ಮಹತ್ವ ಕಣ್ಣಾರೆ ಕಂಡಿತು: ಪಟ್ಟಿ ಸಡಿಲವಿದ್ದಾಗ ಜಾಕೆಟ್ ಕಿವಿಯ ತನಕ ಏರಿ ಅವನಿಗೆ ಎದುರಿಗಿದ್ದ ನಾನೇ ಕಾಣದಾದೆ, ಎರಡು ಬೆರಳು ತೂರುವಷ್ಟು ಮಾತ್ರ ಸಡಿಲ ಉಳಿಸಿ ಎಳೆದ ಮೇಲೆ ಗಲ್ಲ ನೀರಿನಿಂದ ಚೆನ್ನಾಗಿ ಮೇಲೆ ನಿಂತಿತು. ಮಕ್ಕಳು ಇದನ್ನು ಆಟವೆಂದೇ ತಿಳಿದರು. ನೀರಿಗೆ ಬಿದ್ದರೆ ಏನಾಗುತ್ತದೆಂದು ಅವರ ಮೈಗೇ ಗೊತ್ತಾದದ್ದರಿಂದ ದೋಣಿ ಅಲುಗಾಡಿದಾಗ ಅವರು ಎದ್ದು ನಿಲ್ಲಲಿಲ್ಲ. ಈ ಪರೀಕ್ಷೆಯನ್ನು ಯಾರೂ ಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ.

ಕೊರತೆಗಳೂ ಇವೆ. ಕಾಲರ್ ದಪ್ಪವಿರುವುದರಿಂದ ಮಗಳಿಗೆ ಹಿಂದೆ ತಿರುಗಿ ನೋಡುವುದು ಕಷ್ಟವಾಯಿತು, ಹುಟ್ಟು ಹಾಕುವಾಗ ತೋಳಿನ ಕೆಳಗೆ ಫೋಮ್ ತಾಗುತ್ತಿತ್ತು. ಒದ್ದೆಯಾದ ಕಾಲುಪಟ್ಟಿ ಮಗನ ತೊಡೆಯನ್ನು ಉಜ್ಜಿ ಕೆಂಪಗೆ ಮಾಡಿತು; ಒಳಗೆ ಮೊಣಕಾಲಿನ ತನಕ ಬರುವ ಚಡ್ಡಿ ಹಾಕಿದ ಮೇಲೆ ಆ ತೊಂದರೆ ಹೋಯಿತು. ಮುಂಭಾಗದ ಬಕಲ್ ಬಿಗಿಯಾಗಿದ್ದು ಚಿಕ್ಕ ಬೆರಳುಗಳಿಗೆ ತೆಗೆಯಲು ಬರುವುದಿಲ್ಲ. ಕೆಲವರು ಇದನ್ನು ದೋಷವೆನ್ನಬಹುದು, ಐದು ವರ್ಷದವನು ನೀರಿನ ನಡುವೆ ತಾನಾಗಿ ಜಾಕೆಟ್ ಬಿಚ್ಚಲಾರ ಎಂಬ ಕಾರಣಕ್ಕೆ ನಾನು ಇದನ್ನು ಗುಣವೆಂದೇ ಎಣಿಸುತ್ತೇನೆ. ಹಿನ್ನೀರು ಇಳಿದ ದಂಡೆಯ ಎರೆಮಣ್ಣು ಬಕಲ್‌ನ ಸಂದಿಗೆ ಹೊಕ್ಕು ಒಣಗಿದರೆ ಮಾತ್ರ ದೊಡ್ಡವರಿಗೂ ಅದು ಬಿಚ್ಚುವುದಿಲ್ಲ. ದಡಕ್ಕೆ ಬಂದ ಕೂಡಲೇ ಒಂದು ತಂಬಿಗೆ ತಿಳಿನೀರು ಹಾಕಿ ತೊಳೆಯುವುದೇ ಇದಕ್ಕೆ ಮದ್ದು.

ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಸೆಕೆ. ತಣ್ಣನೆಯ ದೇಶಗಳಲ್ಲಿ ಬೆಚ್ಚಗಿಡುವ ಫೋಮ್ ನಮ್ಮಲ್ಲಿ ಮಗುವನ್ನು ಬೇಯಿಸುತ್ತದೆ. ಬೇಸಿಗೆಯಲ್ಲಿ ಈ ಜಾಕೆಟ್ ತೊಡಿಸಿ ಕೂರಿಸುವುದು ಹಿಂಸೆಯೇ ಸರಿ, ಹಾಗಾಗಿ ಈ ಪ್ರವಾಸಕ್ಕೆ ನವೆಂಬರ್‌ನಿಂದ ಜನವರಿವರೆಗಿನ ಕಾಲವೇ ತಕ್ಕದ್ದು. ಆಗಲೂ ಬೆಳಗಿನ ಹೊತ್ತು ದೋಣಿ, ಬಿಸಿಲೇರಿದ ಮೇಲೆ ನೆರಳು ಎಂಬ ಕ್ರಮ ಇಟ್ಟುಕೊಂಡೆವು. ಒಳಗೆ ತೆಳು ಹತ್ತಿಯ ತುಂಬುತೋಳಿನ ಅಂಗಿ ಹಾಕಿ, ನಡುನಡುವೆ ಅಂಗಿಯ ತೋಳಿಗೆ ನೀರು ಚಿಮುಕಿಸಿದರೆ ಮಕ್ಕಳು ಜಾಕೆಟ್ ಬೇಡವೆಂದು ಹಟ ಹಿಡಿಯುವುದಿಲ್ಲ. ಈ ಕ್ರಮವನ್ನು ಬಲಪಡಿಸಿದವರು ಅಲ್ಲಿ ಬಲೆ ಎತ್ತುತ್ತಿದ್ದ ಮೀನುಗಾರರೊಬ್ಬರು. "ಅಕ್ಕಾರ, ಮಧ್ಯಾಹ್ನ ಆದಮ್ಯಾಲ ಗಾಳಿ ಭಾಳ ಬೀಸ್ತದ್ರಿ, ಹುಡುಗರನ್ನ ಕರಕೊಂಡು ನಡುನೀರಿಗೆ ಹೋಗಬ್ಯಾಡ್ರಿ" ಎಂದರು. ಅವರ ಮಾತಿನಂತೆ ಹೊತ್ತೇರುವ ಮೊದಲೇ ದಡ ಸೇರುತ್ತಿದ್ದೆವು, ನೀರಿನಲ್ಲಿದ್ದಾಗಲೂ ದಂಡೆಯನ್ನು ಬಿಟ್ಟು ದೂರ ಹೋಗಲಿಲ್ಲ. ಬಲೆಗಳು ಎಲ್ಲಿವೆ, ಮುಳುಗಿದ ಜಾಲಿಯ ಮೋಟುಗಳು ಎಲ್ಲಿವೆ ಎಂಬುದನ್ನೂ ತೋರಿಸಿಕೊಟ್ಟವರು ಅವರೇ.

ದೋಣಿಯ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಗಟ್ಟಿ ಮೈಯ 16 ಅಡಿಯ ಕ್ಯಾನೂ ನಮ್ಮಂಥವರ ಮನೆಯಲ್ಲಿಡಲು, ಕಾರಿನ ಮೇಲೆ ಕಟ್ಟಲು ಆಗುವಂಥದ್ದಲ್ಲ. ಡಿಕ್ಕಿಯಲ್ಲಿ ಹಿಡಿಯುವ, ಗಾಳಿ ತುಂಬುವ, ಪ್ರತ್ಯೇಕ ಗಾಳಿಕೋಣೆಗಳಿರುವ ದೋಣಿಯನ್ನು ಬಾಡಿಗೆಗೆ ತಂದೆವು. ಒಂದು ಕೋಣೆಗೆ ಮುಳ್ಳು ಚುಚ್ಚಿದರೂ ಉಳಿದವು ತೇಲಿಸುತ್ತವೆ. ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುವುದರಿಂದ ದಡಕ್ಕೆ ಎಳೆದ ಮೇಲೆ ಸ್ವಲ್ಪ ಗಾಳಿ ಬಿಟ್ಟು ನೆರಳಲ್ಲಿಡಬೇಕು, ಇಲ್ಲವಾದರೆ ಹೊಲಿಗೆಯಂತಿರುವ ಅಂಟು ಬಿಡುತ್ತದೆ. ಹಿಂದೆ ನಮ್ಮ ಮನೆಯವರು, ಮುಂದೆ ನಾನು, ನಡುವೆ ಮಕ್ಕಳು ಕುಳಿತೆವು; ಭಾರದ ಚೀಲಗಳು ತಳದಲ್ಲಿ, ನಡುವಿಗೆ ಬಂದವು. ಚೀಲಗಳನ್ನು ಕಟ್ಟಬಹುದು, ಮಗುವನ್ನು ಮಾತ್ರ ದೋಣಿಗೆ ಎಂದಿಗೂ ಕಟ್ಟಬಾರದು. ದೊಡ್ಡವರೂ ಜಾಕೆಟ್ ತೊಡಬೇಕು, ಏಕೆಂದರೆ ದೋಣಿ ಮಗುಚಿದರೆ ಮಕ್ಕಳನ್ನು ಹಿಡಿಯಬೇಕಾದವರು ನಾವೇ.

ದಡದಲ್ಲಿಯೂ ಜಾಕೆಟ್‌ಗೆ ಬಿಡುವಿಲ್ಲ. ಡೇರೆ ಕಟ್ಟುವಾಗ, ಒಲೆ ಹೊತ್ತಿಸುವಾಗ ದೊಡ್ಡವರ ಗಮನ ಬೇರೆಡೆ ಇರುತ್ತದೆ, ಮಕ್ಕಳ ಕಾಲು ತಾನಾಗಿ ನೀರಿನ ಕಡೆ ಎಳೆಯುತ್ತದೆ. ಡೇರೆಯನ್ನು ನೀರಿನಿಂದ ಸಾಕಷ್ಟು ಮೇಲೆ, ಕಡಲೆಯ ಹೊಲದ ಬದುವಿನ ಈಚೆ ಹಾಕಿ, ಬದು ದಾಟುವವರು ಜಾಕೆಟ್ ಹಾಕಿರಬೇಕೆಂದು ನಿಯಮ ಮಾಡಿದೆವು. ಗೆರೆ ಕಣ್ಣಿಗೆ ಕಾಣುವಂತಿದ್ದುದರಿಂದ ಮಗನೂ ಅದನ್ನು ಪಾಲಿಸಿದ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಇದ್ದುದರಿಂದ ಅಡುಗೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೀದರ್ ಸೀಮೆಯ ಡಿಸೆಂಬರ್ ರಾತ್ರಿ ಚೆನ್ನಾಗಿಯೇ ಕೊರೆಯುತ್ತದೆ. ಒದ್ದೆ ಬಟ್ಟೆಯನ್ನು ಹೊತ್ತು ಮುಳುಗುವ ಮುನ್ನ ಬದಲಿಸಿ, ಒಣ ಬಟ್ಟೆಯ ಒಂದು ಜೊತೆಯನ್ನು ನೀರು ಹೊಗದ ಚೀಲದಲ್ಲಿ ದೋಣಿಗೆ ತರದೆ ಡೇರೆಯಲ್ಲೇ ಬಿಡುವುದು ಲೇಸು. ಬರಿಗಾಲಲ್ಲಿ ಓಡಾಡದಿರುವುದು, ಕೈಯಲ್ಲಿ ಬ್ಯಾಟರಿ, ಹಾವು ಕಚ್ಚಿದರೆ ತಡಮಾಡದೆ 108ಕ್ಕೆ ಕರೆ, ಫೋನಿನ ಸಿಗ್ನಲ್ ಎಲ್ಲಿ ಸಿಗುತ್ತದೆಂದು ಹಗಲಿನಲ್ಲೇ ನೋಡಿಟ್ಟುಕೊಳ್ಳುವುದು, ಇವು ಹೊಲಕ್ಕೆ ಹೋಗುವವರಿಗೆ ಹೇಳಿಕೊಡಬೇಕಾದ ವಿಷಯಗಳಲ್ಲ.

ಜಾಕೆಟ್ಟನ್ನು ದಿಂಬಾಗಿ, ಕೂರುವ ಮಣೆಯಾಗಿ ಬಳಸಲು ಮಕ್ಕಳಿಗೆ ಬಿಡಬಾರದು. ಒತ್ತಿ ಒತ್ತಿ ಚಪ್ಪಟೆಯಾದ ಫೋಮ್ ಮೊದಲಿನಷ್ಟು ತೇಲಿಸುವುದಿಲ್ಲ. ಬಿಸಿಲಿಗೆ ಬಟ್ಟೆಯೂ ಹೊಲಿಗೆಯೂ ಬಲ ಕಳೆದುಕೊಳ್ಳುವುದರಿಂದ ನೆರಳಲ್ಲಿ ತೂಗುಹಾಕಿ ಒಣಗಿಸಬೇಕು, ಕಾರಿನೊಳಗೆ ಬಿಟ್ಟು ಮರೆಯಬಾರದು. ನಮ್ಮವು ಈಗ ಅಟ್ಟದ ಮೇಲೆ ಹಳೆಯ ಧೋತರದಲ್ಲಿ ಸುತ್ತಿಟ್ಟಿವೆ. ಮಗನ ತೂಕ 20 ಕಿಲೋ ದಾಟಿದಾಗ ಅಕ್ಕನ ಜಾಕೆಟ್ ಅವನಿಗೆ ಬರುತ್ತದೆ, ಆದರೆ ಅಷ್ಟರಲ್ಲಿ ಅವಳು 30 ಕಿಲೋ ದಾಟಿರದಿದ್ದರೆ ಅದು ಅವಳಿಗೇ ಬೇಕಾಗುವುದರಿಂದ ಅವನಿಗೆ ಅದೇ ಅಳತೆಯ ಹೊಸದೊಂದನ್ನು ಕೊಳ್ಳಲೇಬೇಕು. ಮುಂದಿನ ಚಳಿಗಾಲಕ್ಕೆ ಹೊರಡುವ ಮುಂಚೆ ಇಬ್ಬರನ್ನೂ ಮತ್ತೆ ತೂಗಿಸಿ, ಅದೇ ಸೊಂಟದ ಮಟ್ಟದ ನೀರಿನಲ್ಲಿ ಮತ್ತೆ ಮಲಗಿಸಿ ನೋಡಿದ ಮೇಲೆಯೇ ದೋಣಿಗೆ ಬಾಡಿಗೆ ಕಟ್ಟುತ್ತೇವೆ.